ಕಾಸ್ಟಿಂಗ್ (ಪಾತ್ರಗಳಿಗೆ ನಟರನ್ನು ಆರಿಸುವ) ಕೆಲಸಕ್ಕೆ ಇಳಿಯಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಊರು ಸಾಗರದ ಹತ್ತಿರ. ಹೆಗ್ಗೋಡಿನ ನೀನಾಸಮ್‌ನಲ್ಲಿ ರಂಗಶಿಕ್ಷಣ ಮುಗಿಸಿ, ಒಂದು ವರ್ಷ ಅವರ ಊರೂರು ಸುತ್ತುವ ನಾಟಕ ತಂಡ ತಿರುಗಾಟಕ್ಕೂ ಹೋಗಿ ಬಂದೆ. ಈಗ ಎರಡು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಒಂದು ಧಾರಾವಾಹಿಯಲ್ಲಿ ನಾಯಕಿಯ ಅತ್ತಿಗೆ ಪಾತ್ರ ಮಾಡಿದೆ. ಹವ್ಯಾಸಿ ತಂಡಗಳಿಗೆ ಸ್ಟೇಜ್ ಮ್ಯಾನೇಜರ್ ಆಗಿಯೂ ಕೆಲಸ ಮಾಡುತ್ತೇನೆ.

ನಟನೆ ನನ್ನ ಜಾಗ ಅಲ್ಲ ಅಂತ ನಿಧಾನಕ್ಕೆ ಗೊತ್ತಾಗುತ್ತಿದೆ. ಇದನ್ನು ಬೇಜಾರಿನಿಂದ ಹೇಳುತ್ತಿಲ್ಲ. ತಿರುಗಾಟದ ರಿಹರ್ಸಲ್‌ನಲ್ಲಿ ನನ್ನ ಸೀನ್ ಇಲ್ಲದಿದ್ದರೂ ನಾನು ಎದ್ದು ಹೋಗುತ್ತಿರಲಿಲ್ಲ. ಒಂದು ದಿನ ನಿರ್ದೇಶಕರು ರಾಜ ಮತ್ತು ಮಂತ್ರಿ ಪಾತ್ರದ ಇಬ್ಬರನ್ನು ಅದಲು ಬದಲು ಮಾಡಿದರು. ಮಾತು ಅವೇ, ಚಲನೆ ಅವೇ. ಆದರೆ ದಪ್ಪ ದನಿಯ ಹುಡುಗ ಮಂತ್ರಿಯಾಗಿ ಕೈಕಟ್ಟಿ ನಿಂತ ಕೂಡಲೇ, ಸಣ್ಣ ದನಿಯ ರಾಜನನ್ನು ನೋಡಿ ನಮಗೆಲ್ಲ ಹೆದರಿಕೆಯಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರನ್ನು ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದರಲ್ಲೇ ಇಷ್ಟೆಲ್ಲ ಇದೆಯಲ್ಲ ಅಂತ.

ಅದಕ್ಕೇ ಕೇಳುತ್ತಿದ್ದೇನೆ. ಕಾಸ್ಟಿಂಗ್ ಡೈರೆಕ್ಟರ್ ಆಗುವುದಕ್ಕೆ ಕೋರ್ಸ್ ಇದೆಯಾ? ಕನ್ನಡದಲ್ಲಿ ಇದೊಂದನ್ನೇ ನಂಬಿ ಬದುಕಬಹುದಾ? ರಂಗಭೂಮಿಯಲ್ಲಿ ಈ ಕೆಲಸ ಅಂತ ಬೇರೆ ಇದೆಯಾ? ಅಪ್ಪ ಅಡಿಕೆ ಬೆಳೆಯುವವರು. ಫೋನ್‌ನಲ್ಲಿ ವಿವರಿಸಿದೆ. "ಹಾಗಂದರೆ ಬ್ರೋಕರ್ ಕೆಲಸವಾ" ಅಂತ ಕೇಳಿದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಕೆಲಸದಲ್ಲಿರುವವರು ದಯವಿಟ್ಟು ಬಿಡಿಸಿ ಹೇಳಿ.

ತಿಪಟೂರಿನ ಪ್ರಾಂಪ್ಟರ್:

ನಿಮ್ಮ ಆ ನಿದ್ದೆ ಬಾರದ ರಾತ್ರಿಯ ಬಗ್ಗೆ ಓದಿ ತುಂಬಾ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವು ಮಾಡಿಕೊಂಡು ಓದಿ.

ನಾನು ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು. ಅದಕ್ಕೂ ಮೊದಲು ಬೆಂಗಳೂರಿನ ಒಂದು ಹವ್ಯಾಸಿ ತಂಡದಲ್ಲಿ ಆರು ವರ್ಷ ಪ್ರಾಂಪ್ಟರ್ ಆಗಿದ್ದೆ. ಮಾತು ಮರೆತವರಿಗೆ ನೆನಪಿಸಲು ರಂಗದ ಪಕ್ಕದ ವಿಂಗ್‌ನಲ್ಲಿ ಪುಸ್ತಕ ಹಿಡಿದು ನಿಲ್ಲುವವಳು. ಯಾರಿಗೆ ಯಾವ ಮಾತಿನ ಹತ್ತಿರ ಉಸಿರು ಸಿಕ್ಕಿಕೊಳ್ಳುತ್ತದೆ, ಯಾರು ಎದುರಿನವರ ಮಾತು ಕೇಳುತ್ತಾರೆ, ಯಾರು ತಮ್ಮ ಸರದಿಗೆ ಸುಮ್ನೆ ಕಾಯುತ್ತಾರೆ, ಎಲ್ಲ ಕಾಣುತ್ತಿತ್ತು. ಒಬ್ಬ ಯುವ ನಿರ್ದೇಶಕ ನಮ್ಮ ನಾಟಕ ನೋಡಲು ಬಂದವರು, ಯಾರು ಹೇಗೆ ಅಂತ ನನ್ನ ಹತ್ತಿರ ಕೇಳಿದರು. ನಾನು ಒಂದು ಗಂಟೆ ಮಾತಾಡಿದೆ. ಅವರ ಸಿನಿಮಾಗೆ ಒಂಬತ್ತು ಪಾತ್ರ ಹುಡುಕಿ ಕೊಟ್ಟೆ. ಕೋರ್ಸ್ ನಾನು ಮಾಡಿಲ್ಲ. ಈ ಕೆಲಸದಲ್ಲಿರುವ ನನ್ನ ಗೆಳೆಯರಲ್ಲೂ ಯಾರೂ ಮಾಡಿಲ್ಲ. ಬಹಳ ಮಂದಿ ಸಹಾಯಕ ನಿರ್ದೇಶನದಿಂದ ಬಂದವರು, ಉಳಿದವರು ನಾಟಕದಿಂದ.

ಇದು ಕನ್ನಡಕ್ಕೆ ಹೊಸ ಹೆಸರು, ಕೆಲಸ ಹಳೆಯದು. ರಾಜಕುಮಾರ್ ನಾಯಕರಾದ ಮೊದಲ ಚಿತ್ರ 1954ರ ಬೇಡರ ಕಣ್ಣಪ್ಪ. ಅದರಲ್ಲಿ ನರಸಿಂಹರಾಜು, ಜಿ.ವಿ. ಅಯ್ಯರ್ ಇಬ್ಬರೂ ಇದ್ದರು. ಎಲ್ಲರೂ ಕಂಪನಿ ನಾಟಕದಲ್ಲಿ ಪಳಗಿದವರು. ಆಗ ನಾಟಕ ಕಂಪನಿಯೇ ಕಾಸ್ಟಿಂಗ್ ಆಫೀಸು. ಯಾರಿಗೆ ಭಕ್ತಿ ಒಗ್ಗುತ್ತದೆ, ಯಾರಿಗೆ ಹಾಸ್ಯ ಒಗ್ಗುತ್ತದೆ ಅನ್ನುವುದು ನೂರಾರು ರಾತ್ರಿ ಆಡಿ ಮೊದಲೇ ಗೊತ್ತಾಗಿರುತ್ತಿತ್ತು. ಆಮೇಲೆ ಗಾಂಧಿನಗರದಲ್ಲಿ ಈ ಕೆಲಸ ಕೋ-ಡೈರೆಕ್ಟರ್, ಪ್ರೊಡಕ್ಷನ್ ಮ್ಯಾನೇಜರ್ ಕೈಗೆ ಬಂತು. ತಾಯಿ ಪಾತ್ರ ಅಂದರೆ ಇಂಥವರು, ಪೊಲೀಸ್ ಅಂದರೆ ಇಂಥವರು ಅಂತ ಪಟ್ಟಿ ಗಟ್ಟಿಯಾಯಿತು. ಆ ಪಟ್ಟಿಯಲ್ಲಿರುವವರು ಒಳ್ಳೆಯ ನಟರೇ. ಆದರೆ ಪಟ್ಟಿಯ ಹೊರಗಿನವರನ್ನು ಯಾರಾದರೂ ನೆನಪಿಟ್ಟುಕೊಳ್ಳಬೇಕು ಅಲ್ವಾ? ಆ ಯಾರಾದರೂ ಅನ್ನುವವರು ನಾವು.

ಹಿಂದಿಯಲ್ಲೂ ಹಾಗೇ ಆಯಿತು. 1994ರ ಬ್ಯಾಂಡಿಟ್ ಕ್ವೀನ್‌ಗೆ ನಟರನ್ನು ಆರಿಸಿದ್ದು ತಿಗ್ಮಾಂಶು ಧುಲಿಯಾ. ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ಮನೋಜ್ ಬಾಜಪೇಯಿ, ಸೌರಭ್ ಶುಕ್ಲಾ, ನಿರ್ಮಲ್ ಪಾಂಡೆ ಎಲ್ಲ ಆ ಚಿತ್ರದಲ್ಲಿದ್ದಾರೆ. ಎಲ್ಲರೂ ನಾಟಕದವರು. ಮುಂಬೈಯಲ್ಲಿ ಈಗ ಇದು ದೊಡ್ಡ ಉದ್ಯೋಗ, ದೊಡ್ಡ ಆಫೀಸುಗಳಿವೆ.

ಇನ್ನು ನಮ್ಮ ಕನ್ನಡ ಚಿತ್ರ ‘ತಿಥಿ’. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2016ರಲ್ಲಿ ಇಲ್ಲಿ ಬಿಡುಗಡೆಯಾಯಿತು. ನಟಿಸಿದವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಸುತ್ತಮುತ್ತಲಿನ ಜನ, ಕ್ಯಾಮೆರಾ ಮುಂದೆ ನಿಂತು ಅಭ್ಯಾಸ ಇಲ್ಲದವರು. ಕಥೆಯಲ್ಲಿ ಕೈಜೋಡಿಸಿದ ಈರೇಗೌಡರು ಆ ಕಡೆಯವರೇ. ಊರಿನ ಜನರನ್ನು ಬಲ್ಲವರು ಇಲ್ಲದಿದ್ದರೆ ಆ ಚಿತ್ರ ಇಲ್ಲ. ಬೆಂಗಳೂರಿನಲ್ಲಿ ಕೂತು ಫೋಟೋ ನೋಡಿ ಅವರನ್ನು ಹುಡುಕಲು ಸಾಧ್ಯವೇ ಇರಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಈ ಕೆಲಸ ಪಾತ್ರ ಬರುವ ಮೊದಲೇ ಶುರುವಾಗಿರಬೇಕು. ಸ್ಕ್ರಿಪ್ಟ್ ಕೈಗೆ ಬಂದ ಮೇಲೆ ಹುಡುಕಲು ಹೊರಟರೆ ತಡವಾಯಿತು ಅಂತಲೇ ಅರ್ಥ. ನನ್ನ ಬಳಿ ಹದಿನೇಳು ನೋಟ್‌ಬುಕ್ ಇವೆ. ಪ್ರತಿ ನಾಟಕ ನೋಡಿದ ರಾತ್ರಿಯೇ ಬರೆಯುತ್ತೇನೆ, ಮರುದಿನಕ್ಕೆ ಇಡುವುದಿಲ್ಲ. ಚೆನ್ನಾಗಿ ಮಾಡಿದರು ಅಂತ ಬರೆದರೆ ಏನೂ ಪ್ರಯೋಜನ ಇಲ್ಲ. ಮಾತಿಲ್ಲದಾಗ ಏನು ಮಾಡುತ್ತಿದ್ದರು ಅಂತ ಬರೆಯಬೇಕು. ದನಿ ಯಾವ ಸೀಮೆಯದು ಅಂತ ಬರೆಯಬೇಕು. ಹೊಟ್ಟೆಪಾಡಿಗೆ ಏನು ಕೆಲಸ ಮಾಡುತ್ತಾರೆ, ಯಾವಾಗ ರಜೆ ಸಿಗುತ್ತದೆ ಅನ್ನುವುದೂ ಬೇಕು. ಎಷ್ಟೋ ಒಳ್ಳೆಯ ಆಯ್ಕೆಗಳು ಕಾಲ್‌ಶೀಟ್ ಹೊಂದದೆ ಕೈತಪ್ಪಿವೆ.

ಎಲ್ಲಿ ನೋಡಬೇಕು? ಜೆ.ಪಿ. ನಗರದ ರಂಗಶಂಕರದಲ್ಲಿ ಸೋಮವಾರ ಬಿಟ್ಟು ಹೆಚ್ಚುಕಡಿಮೆ ದಿನವೂ ನಾಟಕ ಇರುತ್ತದೆ. ಮಲ್ಲತ್ತಹಳ್ಳಿಯ ಕಲಾಗ್ರಾಮ, ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ ನಿಮಗೆ ಗೊತ್ತೇ ಇರುತ್ತವೆ. ಮೈಸೂರಿನ ಬಹುರೂಪಿ ನಾಟಕೋತ್ಸವಕ್ಕೆ ಹೋಗಿ. ನವೆಂಬರ್ ಬಂತು ಅಂದರೆ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋಗಿ. ಆದರೆ ನಾನು ಎಲ್ಲಕ್ಕಿಂತ ಜಾಸ್ತಿ ಕಲಿತದ್ದು ಕುರುಕ್ಷೇತ್ರ ನಾಟಕದ ಬಯಲಿನಲ್ಲಿ.

ನೀವು ಮಲೆನಾಡಿನವರು, ಈ ಕಡೆಯ ಪೌರಾಣಿಕ ನಾಟಕ ಅಷ್ಟು ನೋಡಿರಲಿಕ್ಕಿಲ್ಲ. ತುಮಕೂರು, ಮಂಡ್ಯ, ಹಾಸನದ ಕಡೆ ಹಬ್ಬಕ್ಕೆ, ಜಾತ್ರೆಗೆ ಊರವರೇ ಆಡುತ್ತಾರೆ. ಪಾತ್ರ ಮಾಡುವವರೇ ಪಾತ್ರಕ್ಕೆ ದುಡ್ಡು ಕೊಡುತ್ತಾರೆ. ಕೃಷ್ಣ, ದುರ್ಯೋಧನ, ಭೀಮ ಅಂದರೆ ರೇಟು ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದ, ವೃತ್ತ ಹೇಳಿಕೊಟ್ಟಿರುತ್ತಾರೆ. ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ರಾತ್ರಿ ಶುರುವಾದರೆ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಹಗಲು ಟ್ರ್ಯಾಕ್ಟರ್ ಓಡಿಸಿದ ಮನುಷ್ಯ ರಾತ್ರಿ ಎರಡು ಗಂಟೆಗೆ ಗದೆ ಹಿಡಿದು ಹಾಡುತ್ತಿರುತ್ತಾನೆ. ಅಷ್ಟು ಆಸೆ ಇರುವ ಜನ ಬೇರೆಲ್ಲಿ ಸಿಗುತ್ತಾರೆ ಹೇಳಿ.

ಒಂದು ಘಟನೆ ಹೇಳುತ್ತೇನೆ. ನನ್ನ ಮೂರನೇ ಸಿನಿಮಾದಲ್ಲಿ ಒಬ್ಬ ಸೊಸೈಟಿ ಗುಮಾಸ್ತನ ಪಾತ್ರ ಇತ್ತು. ನಾಲ್ಕೇ ಸೀನು. ನಾಯಕ ಸಾಲದ ಕಾಗದಕ್ಕೆ ಅಲೆಯುತ್ತಾನೆ, ಇವನು ಕೊಡುವುದಿಲ್ಲ. ನಲವತ್ತಕ್ಕೂ ಜಾಸ್ತಿ ಆಡಿಷನ್ ಟೇಪ್ ಬಂದವು. ಎಲ್ಲರೂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ದನಿ ಗಡುಸು ಮಾಡಿಕೊಂಡು ಗದರಿದರು. ನಿರ್ದೇಶಕರು ಎಲ್ಲ ನೋಡಿ ಮುಖ ಸಪ್ಪೆ ಮಾಡಿಕೊಂಡರು. ಮನೆಗೆ ಬಂದು ನೋಟ್‌ಬುಕ್ ತಿರುವಿದೆ. ನಾಲ್ಕು ವರ್ಷ ಹಿಂದಿನ ಒಂದು ಸಾಲು ಸಿಕ್ಕಿತು. "ವಿದುರ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಯಾರು ಮಾತಾಡಿದರೂ ನೆಲ ನೋಡುತ್ತಾರೆ, ಆದರೆ ಕಿವಿ ಅಲ್ಲೇ ಇರುತ್ತದೆ."

ತಿಪಟೂರಿಗೆ ಹೋದೆ. ಮಂಡಿಯಲ್ಲಿ ಕೊಬ್ಬರಿ ರಾಶಿಯ ಪಕ್ಕ ಮೇಜು ಹಾಕಿಕೊಂಡು ಕೂತಿದ್ದರು. ಸಿನಿಮಾ ಅಂದ ಕೂಡಲೇ ಕೈ ಮುಗಿದು ಬೇಡ ಅಂದರು. ಎರಡನೇ ಸಲ ಹೋದಾಗ ಟೀ ತರಿಸಿದರು. ಮೂರನೇ ಸಲ ಮನೆಗೆ ಕರೆದುಕೊಂಡು ಹೋದರು, ಅವರ ಹೆಂಡತಿ ನನ್ನ ಹತ್ತಿರ ಒಂದು ಗಂಟೆ ಎಲ್ಲ ವಿಚಾರಿಸಿದರು. ಆಮೇಲೆ ಒಪ್ಪಿದರು. ನಾನು ಅವರಿಗೆ ಡೈಲಾಗ್ ಕೊಡಲಿಲ್ಲ. ಒಂದು ಕಟ್ಟು ಹಳೇ ಬಿಲ್ ಕೊಟ್ಟು, ಇದರಲ್ಲಿ ಮಾರ್ಚ್ ತಿಂಗಳಿನದ್ದು ಹುಡುಕಿ ಅಂದೆ. ನಾನು ಎದುರು ನಿಂತು ಸಾಲಗಾರನ ಹಾಗೆ ಬೇಡಿಕೊಳ್ಳುತ್ತಾ ಹೋದೆ. ಅವರು ಬೆರಳು ನಾಲಿಗೆಗೆ ತಾಗಿಸಿ ಹಾಳೆ ತಿರುವುತ್ತಾ ಹೋದರು. ಬಿಲ್ ಸಿಕ್ಕಿತು. ಅದನ್ನು ಮೇಲೆ ಎತ್ತಿ ನೋಡಿ, ಮತ್ತೆ ಕಟ್ಟಿನ ಮಧ್ಯಕ್ಕೇ ತುರುಕಿ, ದಾರ ಸುತ್ತಿ, ತಲೆ ಎತ್ತದೆ "ನಾಳೆ ಬನ್ನಿ" ಅಂದರು. ನನ್ನ ಮೈ ಜುಮ್ಮೆಂದಿತು. ಟೇಪ್ ಕಳಿಸಿದೆ. ಆ ರಾತ್ರಿ ಹನ್ನೊಂದು ಗಂಟೆಗೆ ನಿರ್ದೇಶಕರ ಫೋನ್. "ಯಾರು ಇವರು?"

ಆ ನಾಲ್ಕು ಸೀನ್ ನನಗೆ ಈಗಲೂ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯ ಕೆಲಸ.

ಇನ್ನೊಂದು ಮಾತು, ರೀಡರ್ ಕುರ್ಚಿ ಬಗ್ಗೆ. ಆಡಿಷನ್‌ನಲ್ಲಿ ಕ್ಯಾಮೆರಾ ಪಕ್ಕ ಕೂತು ಎದುರಿನ ಪಾತ್ರದ ಮಾತು ಓದುವವರು ರೀಡರ್. ಬಹಳ ಕಡೆ ಯಾರಿಗೋ ಪೇಪರ್ ಕೊಟ್ಟು ಓದಿಸುತ್ತಾರೆ. ಅವರು ಒಂದೇ ಸಮ ಗೊಣಗುತ್ತಾರೆ. ಪಾಪ, ಎದುರಿಗೆ ನಿಂತ ನಟ ಯಾರ ಹತ್ತಿರ ಮಾತಾಡಬೇಕು? ನೀವು ಶುರುವಿನಲ್ಲಿ ಯಾರ ಕೈಕೆಳಗೆ ಸೇರಿದರೂ ಆ ಕುರ್ಚಿ ಕೇಳಿ ತೆಗೆದುಕೊಳ್ಳಿ. ಮನಸ್ಸಿಟ್ಟು ಎದುರಿನ ಮಾತು ಕೊಡಿ. ಐವತ್ತನೆಯವರು ಬಂದಾಗಲೂ ಮೊದಲನೆಯವರಿಗೆ ಕೊಟ್ಟಷ್ಟೇ ಕೊಡಿ. ನಾಟಕ ಮಾಡಿದವರಿಗೆ ಮಾತ್ರ ಇದು ಸಲೀಸು. ನಿಮ್ಮ ನೀನಾಸಮ್ ಕಲಿಕೆ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿ.

ರಂಗಭೂಮಿಯಲ್ಲಿ ಈ ಹುದ್ದೆ ಬೇರೆ ಇದೆಯಾ ಅಂತ ಕೇಳಿದ್ದೀರಿ. ಕನ್ನಡದಲ್ಲಿ ಇಲ್ಲ ಅಂತಲೇ ಹೇಳಬೇಕು. ನಿರ್ದೇಶಕರೇ ತಂಡದ ಜೊತೆ ನಾಲ್ಕಾರು ದಿನ ನಾಟಕ ಓದಿ ಪಾತ್ರ ಹಂಚುತ್ತಾರೆ. ರಂಗಾಯಣದಂಥ ರೆಪರ್ಟರಿಯಲ್ಲಿ, ಅಂದರೆ ಕಾಯಂ ನಾಟಕ ತಂಡದಲ್ಲಿ, ಕಲಾವಿದರು ಒಳಗೇ ಇರುತ್ತಾರೆ. ತಿರುಗಾಟದಲ್ಲಂತೂ ನಿಮಗೇ ಗೊತ್ತು, ಅದೇ ತಂಡ ಬೇರೆ ಬೇರೆ ನಾಟಕ ಆಡಬೇಕು, ಒಂದರ ಪಾತ್ರ ಹಂಚುವಾಗ ಇನ್ನೊಂದು ತಲೆಯಲ್ಲಿರಬೇಕು. ಸಂಬಳ ಅಲ್ಲಿ ಹುಟ್ಟುವುದಿಲ್ಲ. ಕಣ್ಣು ಮಾತ್ರ ಅಲ್ಲೇ ಪಳಗುತ್ತದೆ. ಹೊಟ್ಟೆಗೆ ಸಿನಿಮಾ, ವೆಬ್ ಸರಣಿ, ಜಾಹೀರಾತು. ಜಾಹೀರಾತು ಬಿಡಬೇಡಿ, ದುಡ್ಡು ಬೇಗ ಬರುತ್ತದೆ. ನನ್ನ ಮೊದಲ ಎರಡು ವರ್ಷದ ಮನೆ ಬಾಡಿಗೆ ಅದರಿಂದಲೇ ಹೋಯಿತು.

ಕೊನೆಗೆ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಎರಡನೇ ಸಿನಿಮಾದಲ್ಲಿ ಅಕ್ಕನ ಪಾತ್ರಕ್ಕೆ ಒಬ್ಬ ಶಾಲಾ ಶಿಕ್ಷಕಿಯನ್ನು ಎರಡು ಸಲ ಕರೆಸಿದ್ದೆ. ಪಾತ್ರದ ಬಟ್ಟೆ, ಮೇಕಪ್ ಹಾಕಿ ನೋಡುವ ಲುಕ್ ಟೆಸ್ಟ್ ಕೂಡ ಆಯಿತು. "ನಿಮ್ಮದೇ ಬಹುತೇಕ" ಅಂತ ಬಾಯಿ ಜಾರಿ ಹೇಳಿದೆ. ಆಮೇಲೆ ಪಾತ್ರ ಬೇರೆಯವರಿಗೆ ಹೋಯಿತು. ಆ ಗಡಿಬಿಡಿಯಲ್ಲಿ ನಾನು ಅವರಿಗೆ ಫೋನ್ ಮಾಡಲಿಲ್ಲ. ಧೈರ್ಯವೂ ಬರಲಿಲ್ಲ. ಅವರು ಶಾಲೆಯಲ್ಲಿ ಇಪ್ಪತ್ತು ದಿನ ಸಂಬಳವಿಲ್ಲದ ರಜೆ ಬರೆದುಕೊಟ್ಟು ಕಾಯುತ್ತಿದ್ದರು. ಶೂಟಿಂಗ್ ಶುರುವಾದ ಫೋಟೋ ನೋಡಿ ಅವರಿಗೆ ವಿಷಯ ಗೊತ್ತಾಯಿತು. "ಒಂದು ಮಾತು ಹೇಳಿದ್ದರೆ ರಜೆ ವಾಪಸ್ ತಗೋತಿದ್ದೆ ಮೇಡಂ" ಅಂತ ಮೆಸೇಜ್ ಕಳಿಸಿದರು. ಅದು ಈಗಲೂ ನನ್ನ ಫೋನ್‌ನಲ್ಲಿದೆ. ಆವತ್ತಿನಿಂದ ಎರಡನೇ ಸುತ್ತಿಗೆ ಬಂದ ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡಿ ಇಲ್ಲ ಅಂತ ಹೇಳುತ್ತೇನೆ. ಅಸಿಸ್ಟೆಂಟ್ ಕೈಲಿ ಮಾಡಿಸುವುದಿಲ್ಲ.

ನಿಮ್ಮ ಅಪ್ಪನಿಗೆ ಹೀಗೆ ಹೇಳಿ. ಬ್ರೋಕರ್ ಎರಡೂ ಕಡೆ ಕಮಿಷನ್ ತೆಗೆದುಕೊಳ್ಳುತ್ತಾನೆ. ನಾವು ನಟರಿಂದ ಒಂದು ರೂಪಾಯಿ ಮುಟ್ಟುವುದಿಲ್ಲ. ಆಡಿಷನ್ ಫೀಸ್, ರಿಜಿಸ್ಟ್ರೇಷನ್, ಪೋರ್ಟ್‌ಫೋಲಿಯೋ ಶೂಟ್ ಅಂತ ಯಾರು ದುಡ್ಡು ಕೇಳಿದರೂ ಅವರು ಈ ಕೆಲಸದವರಲ್ಲ. ನಮಗೆ ಕೊಡಬೇಕಾದವರು ನಿರ್ಮಾಪಕರು.

ಲೆಕ್ಕದ ಮನುಷ್ಯ:

ನಾನು ಪ್ರೊಡಕ್ಷನ್ ಕಡೆಯವನು, ಬಜೆಟ್ ನೋಡಿಕೊಳ್ಳುತ್ತೇನೆ. ಮೇಲಿನವರು ದುಡ್ಡಿನ ವಿಷಯ ಬೇಗ ದಾಟಿಸಿದರು, ಅದನ್ನು ನಾನು ಹೇಳುತ್ತೇನೆ.

ಹೊಸಬರು ಮೋಸ ಹೋಗುವುದು ಬಾಯಿಮಾತಿನ ಒಪ್ಪಂದದಿಂದ. ಎಷ್ಟು ಪಾತ್ರ ನಿಮ್ಮ ಜವಾಬ್ದಾರಿ, ಜೂನಿಯರ್ ಆರ್ಟಿಸ್ಟ್ ಇದರಲ್ಲಿ ಸೇರಿದ್ದಾರಾ ಇಲ್ಲವಾ, ಲಾಕ್ ಆದ (ಪಕ್ಕಾ ಆದ) ನಟ ಬಿಟ್ಟುಹೋದರೆ ಮತ್ತೆ ಹುಡುಕುವುದಕ್ಕೆ ಬೇರೆ ದುಡ್ಡಾ, ಊರೂರು ಸುತ್ತುವ ಖರ್ಚು ಯಾರದು, ಎಲ್ಲ ಕಾಗದದಲ್ಲಿ ಬರಲಿ. ಪೇಮೆಂಟ್ ಮೂರು ಕಂತು ಕೇಳಿ. ಸಹಿ ಹಾಕಿದಾಗ ಒಂದು, ಮುಖ್ಯ ಪಾತ್ರಗಳು ಲಾಕ್ ಆದಾಗ ಒಂದು, ಕೊನೆಯದು ಶೂಟಿಂಗ್ ಮೊದಲ ದಿನಕ್ಕೆ ಮುಂಚೆ. ಬಿಡುಗಡೆ ಆದ ಮೇಲೆ ಕೊಡುತ್ತೇವೆ ಅನ್ನುವುದಕ್ಕೆ ಒಪ್ಪಬೇಡಿ. ನಿಮ್ಮ ಕೆಲಸ ಶೂಟಿಂಗ್ ಶುರುವಾಗುವ ಹೊತ್ತಿಗೆ ಮುಗಿದಿರುತ್ತದೆ, ಆಮೇಲೆ ನಿಮ್ಮನ್ನು ನೆನಪಿಡುವವರು ಕಡಿಮೆ. ಟೈಟಲ್ ಕಾರ್ಡ್‌ನಲ್ಲಿ ಹೆಸರು ಹೇಗೆ ಬರುತ್ತದೆ ಅನ್ನುವುದನ್ನೂ ಬರೆಸಿ. ಮುಂದಿನ ಕೆಲಸ ಬರುವುದು ಆ ಒಂದು ಸಾಲಿನಿಂದ.

ಇನ್ನೊಂದು, ಅದಕ್ಕಿಂತ ಮುಖ್ಯ. ಆಡಿಷನ್ ಹಗಲು ಹೊತ್ತಿನಲ್ಲಿ, ಆಫೀಸಿನಲ್ಲೋ ರಿಹರ್ಸಲ್ ಹಾಲ್‌ನಲ್ಲೋ ನಡೆಯಲಿ. ಹೋಟೆಲ್ ರೂಮ್ ಬೇಡವೇ ಬೇಡ. ರೂಮಿನಲ್ಲಿ ಯಾವಾಗಲೂ ಒಬ್ಬರಿಗಿಂತ ಜಾಸ್ತಿ ಜನ ಇರಲಿ. ಬಂದ ಹುಡುಗಿಯ ಜೊತೆ ತಾಯಿಯೋ ಗೆಳತಿಯೋ ಬಂದರೆ ಅವರಿಗೂ ಕುರ್ಚಿ ಹಾಕಿ. 2013ರ ಕಾಯ್ದೆ ಪ್ರಕಾರ ಹತ್ತು ಜನ ಅಥವಾ ಹೆಚ್ಚು ಇರುವ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ನೀವು ಸೇರುವ ಪ್ರೊಡಕ್ಷನ್‌ನಲ್ಲಿ ಇದೆಯಾ ಅಂತ ಮೊದಲ ದಿನವೇ ಕೇಳಿ. 2024ರ ಆಗಸ್ಟ್‌ನಲ್ಲಿ ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ಬಗ್ಗೆ ಕೇರಳದ ಹೇಮಾ ಸಮಿತಿ ವರದಿ ಹೊರಬಂದಾಗ ನಮ್ಮಲ್ಲೂ ಅಂಥ ಸಮಿತಿ ಬೇಕು ಅಂತ ಕಲಾವಿದರು, ತಂತ್ರಜ್ಞರು ಸರ್ಕಾರವನ್ನು ಕೇಳಿದರು. ಆ ವರದಿ ಓದಿ. ಅವಕಾಶ ಕೊಡುವ ಬಾಗಿಲಲ್ಲಿ ನಿಲ್ಲುವವರು ನೀವೇ ಆಗಿರುತ್ತೀರಿ. ಆಡಿಷನ್ ಟೇಪ್‌ಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದು ಆ ನಟ ನಿಮ್ಮನ್ನು ನಂಬಿ ಕೊಟ್ಟ ವಸ್ತು.

ಸಾಗರದವಳು:

ಇಬ್ಬರಿಗೂ ತುಂಬಾ ಧನ್ಯವಾದ. ಗುಮಾಸ್ತರ ಭಾಗವನ್ನು ಅಪ್ಪನಿಗೆ ಫೋನ್‌ನಲ್ಲೇ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರ ಸೊಸೈಟಿಯಲ್ಲೂ ಅಂಥವರೇ ಇದ್ದಾರೆ" ಅಂದರು.

ಇನ್ನೆರಡು ಕೇಳಲಾ? ಸ್ಕ್ರಿಪ್ಟ್ ಕೊಟ್ಟಾಗ ಪಾತ್ರದ ಬ್ರೇಕ್‌ಡೌನ್ ಹೇಗೆ ಮಾಡುತ್ತೀರಿ? ನನ್ನ ಗೆಳತಿಯೊಬ್ಬಳು ಕಿರುಚಿತ್ರ ಮಾಡುತ್ತಿದ್ದಾಳೆ. ಅದರಲ್ಲಿ ಒಬ್ಬ ತಾಯಿ, ಒಂಬತ್ತು ವರ್ಷದ ಹುಡುಗ ಇದ್ದಾರೆ. ನನಗೇ ಕಾಸ್ಟಿಂಗ್ ಮಾಡು ಅಂದಿದ್ದಾಳೆ. ಮಕ್ಕಳನ್ನು ಆರಿಸುವಾಗ ಏನು ನೋಡಬೇಕು?

ತಿಪಟೂರಿನ ಪ್ರಾಂಪ್ಟರ್:

ಕಿರುಚಿತ್ರ ಒಪ್ಪಿಕೊಳ್ಳಿ. ಒಳ್ಳೆಯ ಶುರು.

ಬ್ರೇಕ್‌ಡೌನ್ ಅಂದರೆ ಸ್ಕ್ರಿಪ್ಟ್‌ನಲ್ಲಿ ಬರೆಯದೆ ಬಿಟ್ಟದ್ದನ್ನು ಕೇಳಿ ತಿಳಿದುಕೊಳ್ಳುವುದು. ನಿಮ್ಮ ಗೆಳತಿ "ತಾಯಿ, 35, ಜೋರು" ಅಂತ ಬರೆದಿರುತ್ತಾಳೆ. ನೀವು ಕೇಳಬೇಕು. ಯಾವ ಊರಿನವಳು? ಮಂಡ್ಯದವಳಾದರೆ ಮಗನಿಗೆ "ಯಾಕ್ಲಾ" ಅನ್ನುತ್ತಾಳೆ, ಧಾರವಾಡದವಳಾದರೆ "ಯಾಕಲೇ" ಅನ್ನುತ್ತಾಳೆ. ಕರಾವಳಿಯವಳಾದರೆ "ಎಂತಕ್ಕೆ" ಅಂತ ಕೇಳುತ್ತಾಳೆ, ಜೋರು ಅನ್ನುವುದೇ ಬೇರೆ ಥರ ಕೇಳಿಸುತ್ತದೆ. ಭಾಷೆ ಆಮೇಲೆ ಡಬ್ಬಿಂಗ್‌ನಲ್ಲಿ ಸರಿಮಾಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸೀಮೆಯ ಮಾತು ನಾಲಿಗೆಯಲ್ಲಿ ಮಾತ್ರ ಇರುವುದಿಲ್ಲ, ಕುತ್ತಿಗೆಯಲ್ಲಿ, ಕೈಯಲ್ಲಿ ಇರುತ್ತದೆ. ಆಮೇಲೆ, ಅವಳು ದಿನವೆಲ್ಲ ಏನು ಮಾಡುತ್ತಾಳೆ? ಗಾರ್ಮೆಂಟ್ಸ್‌ಗೆ ಹೋಗುವವಳಾ, ತೋಟದವಳಾ? ಯಾರಿಗೆ ಹೆದರುತ್ತಾಳೆ? ಎಷ್ಟು ದಿನ ಶೂಟಿಂಗ್, ರಾತ್ರಿ ಇದೆಯಾ, ನೀರಿಗೆ ಇಳಿಯಬೇಕಾ? ಇಷ್ಟು ಬರೆದುಕೊಂಡರೆ ನಿಮ್ಮ ತಲೆಯಲ್ಲಿರುವ ಅರ್ಧ ಜನ ತಾವಾಗಿ ಹೊರಗೆ ಹೋಗುತ್ತಾರೆ.

ಆಡಿಷನ್‌ಗೆ ಅಳುವ ಸೀನ್ ಕೊಡಬೇಡಿ. ಅಳು ಬಹಳ ಜನಕ್ಕೆ ಬರುತ್ತದೆ. ಮಗ ತಡವಾಗಿ ಬಂದಾಗ ಬೈಯದೆ ತಟ್ಟೆ ಇಡುವ ಸೀನ್ ಇದ್ದರೆ ಅದನ್ನು ಕೊಡಿ. ನಿಜವಾದ ತಟ್ಟೆ, ನಿಜವಾದ ಅನ್ನ ಇಡಿ. ತಟ್ಟೆ ನೆಲಕ್ಕೆ ತಾಗುವ ಸದ್ದಿನಲ್ಲೇ ಸಿಟ್ಟು ಎಷ್ಟಿದೆ ಅಂತ ಗೊತ್ತಾಗುತ್ತದೆ.

ಮಕ್ಕಳ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಪಟಪಟ ಡೈಲಾಗ್ ಹೇಳುವ ಮಗುವನ್ನು ನಾನು ಮೊದಲು ಆರಿಸುವುದಿಲ್ಲ. ಮನೆಯವರು ಕಲಿಸಿ ಕಳಿಸಿರುತ್ತಾರೆ. ಎರಡು ಮೂರು ಮಕ್ಕಳನ್ನು ಒಟ್ಟಿಗೆ ಬಿಟ್ಟು, ಒಂದು ಹಗ್ಗವೋ ಲಗೋರಿ ಕಲ್ಲೋ ಕೊಟ್ಟು ದೂರ ಕೂರುತ್ತೇನೆ. ಯಾವ ಮಗು ಬೇರೆ ಮಗುವಿನ ಮಾತು ಕೇಳುತ್ತದೆ ಅಂತ ನೋಡುತ್ತೇನೆ. ಮಗುವಿಗೇ ಇಷ್ಟ ಇದೆಯಾ ಅಂತ ಅಪ್ಪ ಅಮ್ಮ ಪಕ್ಕದಲ್ಲಿ ಇಲ್ಲದಾಗ, ನನ್ನ ಸಹಾಯಕಿ ಎದುರಲ್ಲಿ ಕೇಳುತ್ತೇನೆ. ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು.

ಕಾನೂನೂ ಇದೆ, ಗೆಳತಿಗೆ ಹೇಳಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ಬಾಲ ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20 ಪರ್ಸೆಂಟ್ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಡಿಪಾಸಿಟ್ ಇಡಬೇಕು. ಒಂದೇ ಸಮ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತವರು ಇರಬೇಕು. ಕಿರುಚಿತ್ರ, ಎರಡು ದಿನ, ಯಾರು ಕೇಳುತ್ತಾರೆ ಅಂತ ಅನ್ನಿಸುತ್ತದೆ. ಮಗುವಿನ ಪರವಾಗಿ ಕೇಳುವವರು ನೀವೇ ಆಗಬೇಕು.

ಮೊನ್ನೆ ಬಿಟ್ಟದ್ದೊಂದಿದೆ. ಈ ಕೆಲಸಕ್ಕೆ ಬೆಲೆ ಸಿಗುತ್ತದಾ ಅಂತ ಅನುಮಾನ ಬಂದಾಗ ನಾನು ನೆನಪು ಮಾಡಿಕೊಳ್ಳುವ ವಿಷಯ. ಬ್ರಿಟನ್ನಿನ ಬಾಫ್ತಾ 2020ರಿಂದ ಕಾಸ್ಟಿಂಗ್‌ಗೆ ಪ್ರಶಸ್ತಿ ಕೊಡುತ್ತಿದೆ. ಆಸ್ಕರ್‌ನವರು 2024ರ ಫೆಬ್ರವರಿಯಲ್ಲಿ ಪ್ರಕಟಿಸಿದರು, 2025ರ ಚಿತ್ರಗಳಿಂದ ಶುರು ಅಂತ. ಆ ಸುದ್ದಿ ಬಂದ ದಿನ ನಮ್ಮ ಕೆಲಸದವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು. ಹಬ್ಬದ ಹಾಗಿತ್ತು.

ಬಳ್ಳಾರಿ ನಟ:

ನಾನು ಆ ಕಡೆ ನಿಲ್ಲುವವನು, ಎಂಟು ವರ್ಷದಿಂದ. ನಟರ ಪರವಾಗಿ ಎರಡು ಮಾತು.

ಸೀನ್ ಪೇಪರನ್ನು ಹಿಂದಿನ ದಿನವೇ ಕಳಿಸಿ. ಸೆಲ್ಫ್ ಟೇಪ್ (ನಟರೇ ಚಿತ್ರೀಕರಿಸಿ ಕಳಿಸುವ ಆಡಿಷನ್) ಕೇಳಿದರೆ ಮೊಬೈಲ್ ಅಡ್ಡ ಹಿಡಿಯಬೇಕಾ ಉದ್ದವಾ, ಎದೆಯವರೆಗಾ ಪೂರ್ತಿಯಾ, ಇದನ್ನೂ ಹೇಳಿ. ಪಾತ್ರ ಎಷ್ಟು ದಿನ, ದುಡ್ಡು ಎಷ್ಟು, ಊರಿಂದ ಬರುವ ಬಸ್ ಚಾರ್ಜ್ ಸಿಗುತ್ತದಾ, ಇದನ್ನು ಕೊನೆಗೆ ಇಡಬೇಡಿ. ನಾವು ಕೇಳಲು ಹಿಂಜರಿಯುತ್ತೇವೆ, ನೀವೇ ಹೇಳಿಬಿಟ್ಟರೆ ತುಂಬಾ ಹಗುರವಾಗುತ್ತದೆ.

ಇನ್ನು ಆ "ಇಲ್ಲ" ಅನ್ನುವ ಫೋನ್. ಎಂಟು ವರ್ಷದಲ್ಲಿ ನನಗೆ ಅದು ಬಂದದ್ದು ಮೂರು ಸಲ. ಒಂದು ಸಲ ಹೇಳಿದರು, "ನೀವು ಚೆನ್ನಾಗಿ ಮಾಡಿದ್ರಿ. ಆದರೆ ತಮ್ಮನ ಪಾತ್ರ, ನೀವು ಅಣ್ಣನಿಗಿಂತ ಅರ್ಧ ಅಡಿ ಎತ್ತರ ಇದ್ದೀರಿ." ಅವತ್ತು ನಾನು ಹೊಟ್ಟೆ ತುಂಬಾ ಊಟ ಮಾಡಿದೆ. ಇಲ್ಲದಿದ್ದರೆ ನನ್ನಲ್ಲಿ ಏನು ಕೊರತೆ ಅಂತ ತಿಂಗಳುಗಟ್ಟಲೆ ಕೊರಗುತ್ತಿದ್ದೆ. ಒಂದೂವರೆ ವರ್ಷದ ಮೇಲೆ ಅದೇ ವ್ಯಕ್ತಿ ಬೇರೆ ಪಾತ್ರಕ್ಕೆ ಕರೆದರು. ಹೆಸರು, ಎತ್ತರ, ನಾನು ಹಾಕಿಕೊಂಡಿದ್ದ ಅಂಗಿಯ ಬಣ್ಣ ಕೂಡ ನೆನಪಿತ್ತು ಅವರಿಗೆ.

ಸಾಗರದವಳು (ಐದು ವಾರದ ನಂತರ):

ಇಲ್ಲಿ ಬರೆದವರಿಗೆಲ್ಲ ತಿಳಿಸಬೇಕು ಅನ್ನಿಸಿತು. ಕಿರುಚಿತ್ರದ ಶೂಟಿಂಗ್ ಮುಂದಿನ ವಾರ. ತಾಯಿ ಪಾತ್ರಕ್ಕೆ ಏಳು ಜನರನ್ನು ನೋಡಿದೆ. ತಟ್ಟೆ, ಅನ್ನ ಎರಡೂ ಇಟ್ಟಿದ್ದೆ. ಸಿಕ್ಕಿದ್ದಾರೆ, ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು. ಭಾನುವಾರ ಮಾತ್ರ ರಜೆ, ಅದಕ್ಕೆ ಎರಡು ಭಾನುವಾರ ಶೂಟಿಂಗ್ ಇಟ್ಟಿದ್ದಾಳೆ ನನ್ನ ಗೆಳತಿ. ಉಳಿದ ಆರು ಜನಕ್ಕೆ ನಾನೇ ಫೋನ್ ಮಾಡಿದೆ. ನಾಲ್ಕನೆಯವರ ಹತ್ತಿರ ಮಾತಾಡುವಾಗ ನನಗೇ ಅಳು ಬಂತು, ಅವರೇ ನನಗೆ ಸಮಾಧಾನ ಹೇಳಿದರು.

ಹೋದ ಶನಿವಾರ ತುಮಕೂರಿನ ಹತ್ತಿರ ಒಂದು ಹಳ್ಳಿಗೆ ಕುರುಕ್ಷೇತ್ರ ನೋಡಲು ಹೋಗಿದ್ದೆ. ರಾತ್ರಿ ಪೂರ್ತಿ ಕೂತಿದ್ದೆ. ವಾಪಸ್ ಬರುವ ಬಸ್ಸಿನಲ್ಲಿ ಬರೆದುಕೊಂಡ ಮೊದಲ ಪುಟ ಇದು.

"ಶಕುನಿ. ಸುಮಾರು ಐವತ್ತು ವರ್ಷ. ಹಾಲಿನ ವ್ಯಾನ್ ಓಡಿಸುತ್ತಾರೆ, ಬೆಳಿಗ್ಗೆ ಹತ್ತರವರೆಗೆ ಸಿಗುವುದಿಲ್ಲ. ಕೈಯಲ್ಲಿ ದಾಳ ತಿರುಗಿಸುತ್ತಲೇ ಇರುತ್ತಾರೆ, ಟಕಟಕ ಸದ್ದು. ದುರ್ಯೋಧನ ಹಾಡು ಎತ್ತಿದ ಕೂಡಲೇ ಮುಷ್ಟಿ ಬಿಗಿ ಹಿಡಿದು ಸದ್ದು ನಿಲ್ಲಿಸಿದರು. ಹಾಡು ಮುಗಿಯುವವರೆಗೂ ಬಿಡಲಿಲ್ಲ."